ಡಿಎಲ್‌ಎಲ್ ಕಾಣೆ ಅಂತ ಬಂದರೆ ಗಾಬರಿ ಬೇಡ, ಸಿಕ್ಕಲ್ಲಿಂದ ಡೌನ್‌ಲೋಡೂ ಬೇಡ

ಮೊನ್ನೆ ಜೋರು ಮಳೆಯಲ್ಲಿ ಕುಮಟಾದಿಂದ ಒಬ್ಬರು ಫೋನ್ ಮಾಡಿದರು. "ಮಾರಾಯ್ರೆ, ಕಂಪ್ಯೂಟರಿನಲ್ಲಿ ಏನೋ ಕಳೆದುಹೋಗಿದೆಯಂತೆ, ಅದೇ ಹೇಳುತ್ತಾ ಇದೆ, ನಾವು ಯಾರೂ ಮುಟ್ಟಿಲ್ಲ." ಮನೆಯಲ್ಲಿ ಕಳ್ಳತನ ಆದ ಹಾಗಿತ್ತು ದನಿ. ಓದಿ ಹೇಳಿ ಅಂದೆ. ಕಳೆದದ್ದು ವಿಸಿರನ್‌ಟೈಮ್140 ಅಂಡರ್‌ಸ್ಕೋರ್ 1 ಡಾಟ್ ಡಿಎಲ್‌ಎಲ್ ಅನ್ನುವ ಫೈಲು. ಹಿಂದಿನ ದಿನವಷ್ಟೇ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದ್ದರು.

ನಿಜ ಹೇಳಬೇಕೆಂದರೆ ಏನೂ ಕಳೆದಿರಲಿಲ್ಲ. ಆ ಫೈಲು ಅಲ್ಲಿ ಯಾವತ್ತೂ ಇರಲೇ ಇಲ್ಲ. ವಿಂಡೋಸ್‌ನಲ್ಲಿ ಪ್ರತಿ ಪ್ರೋಗ್ರಾಮೂ ತನ್ನ ಸಾಮಾನನ್ನೆಲ್ಲ ತಾನೇ ಹೊತ್ತು ತರುವುದಿಲ್ಲ. ಮದುವೆ ಮನೆಗೆ ಬರುವ ಅಡುಗೆಯವರು ಹಂಡೆ, ಸೌಟು ಎಲ್ಲ ಅಲ್ಲೇ ಇರುತ್ತದೆ ಅಂತ ಬರಿಗೈಯಲ್ಲಿ ಬರುತ್ತಾರಲ್ಲ, ಹಾಗೆ. ಎಲ್ಲರೂ ಹಂಚಿಕೊಂಡು ಬಳಸುವ ಆ ಪಾತ್ರೆಗಳೇ ಡಿಎಲ್‌ಎಲ್‌ಗಳು. ಹೊಸ ಅಡುಗೆಯವರು ದೊಡ್ಡ ಹಂಡೆ ಕೇಳುತ್ತಿದ್ದಾರೆ, ನಿಮ್ಮ ಅಟ್ಟದಲ್ಲಿರುವುದು ಅಜ್ಜನ ಕಾಲದ್ದು. ಅಷ್ಟೇ ವಿಷಯ.

ನಂದು ಶಿರಸಿಯಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಅಡಿಕೆ ವ್ಯಾಪಾರದವರ ಬಿಲ್ ಪುಸ್ತಕ. ಜೊತೆಗೆ ಗೊತ್ತಿರುವವರ ಕಂಪ್ಯೂಟರ್ ನೋಡಿಕೊಡುವುದು. ಕಾರವಾರದಲ್ಲಿ, ಅಂಕೋಲಾದಲ್ಲಿ ನೆಂಟರಿದ್ದಾರೆ, ಪ್ರತಿ ಸಲ ದೇವಿಮನೆ ಘಟ್ಟ ಇಳಿದು ಹೋಗಲು ಆಗುವುದಿಲ್ಲ ನೋಡಿ, ಹಾಗಾಗಿ ಫೋನಿನಲ್ಲೇ ಅಕ್ಷರ ಅಕ್ಷರ ಹೇಳಿ ಮಾಡಿಸುವ ಅಭ್ಯಾಸ. ಇಲ್ಲೂ ಹಾಗೇ ಬರೆಯುತ್ತೇನೆ. ಕೀಬೋರ್ಡಿನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರ ನೀವೇ ಹಾಕಿಕೊಳ್ಳಿ.

ಮೊದಲ ಕೆಲಸ, ಸಂದೇಶವನ್ನು ಪೂರ್ತಿ ಓದುವುದು. ಜನ ಅದು ಬಂದ ತಕ್ಷಣ ಓಕೆ ಒತ್ತಿ ಓಡಿಸುತ್ತಾರೆ, ಆಮೇಲೆ "ಏನೋ ಇಂಗ್ಲಿಷಿನಲ್ಲಿ ಬಂತು" ಅನ್ನುತ್ತಾರೆ. ಏನೋ ಅಂದರೆ ನಾನೇನು ಮಾಡಲಿ? ಸಂದೇಶದ ಡಬ್ಬಿ ಮುಂದೆ ಇರುವಾಗಲೇ ಕಂಟ್ರೋಲ್ ಹಿಡಿದು ಸಿ ಒತ್ತಿ. ವಿಂಡೋಸ್‌ನ ಮಾಮೂಲಿ ಸಂದೇಶವಾದರೆ ಅದರಲ್ಲಿರುವ ಅಕ್ಷರವೆಲ್ಲ ಕಾಪಿ ಆಗುತ್ತದೆ, ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಆಗದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಆ ಅಕ್ಷರದಲ್ಲೇ ಅರ್ಧ ಉತ್ತರ ಇರುತ್ತದೆ. ಇಂಥ ಡಿಎಲ್‌ಎಲ್ "ನಾಟ್ ಫೌಂಡ್" ಅಂದರೆ ಫೈಲೇ ಇಲ್ಲ. "ಎಂಟ್ರಿ ಪಾಯಿಂಟ್ ನಾಟ್ ಫೌಂಡ್" ಅಂದರೆ ಫೈಲು ಇದೆ, ಆದರೆ ಹಳೆಯದು. ಹೊಸ ಪ್ರೋಗ್ರಾಮು ಹುಡುಕುತ್ತಿರುವ ಕೆಲಸ ಅದರೊಳಗೆ ಇಲ್ಲ. ಹಂಡೆ ಇದೆ, ಹಿಡಿಕೆ ಇಲ್ಲ ಅಂದ ಹಾಗೆ. ಸೊನ್ನೆ ಎಕ್ಸ್ ಸಿ ಆಮೇಲೆ ಸಾಲಾಗಿ ಸೊನ್ನೆಗಳು, ಕೊನೆಗೆ 7ಬಿ ಅಂತ ಬಂದರೆ ಹೆಚ್ಚಾಗಿ 32 ಬಿಟ್, 64 ಬಿಟ್ ಅನ್ನುವ ಎರಡು ಜಾತಿಯ ಫೈಲುಗಳು ಕಲಸುಮೇಲೋಗರ ಆಗಿವೆ ಅಂತ ಅರ್ಥ.

ಆ ಕಲಸುಮೇಲೋಗರವನ್ನು ನಾನೇ ಒಮ್ಮೆ ಕೈಯಾರೆ ಮಾಡಿಕೊಂಡಿದ್ದೆ. ಅಂಗಡಿ ಹಾಕಿದ ಹೊಸತು, ಮದುವೆ ಸೀಸನ್ನು, ಡಿಸೈನ್ ಪ್ರೋಗ್ರಾಮು ಎಂಎಸ್‌ವಿಸಿಪಿ ಅಂತ ಶುರುವಾಗುವ ಒಂದು ಡಿಎಲ್‌ಎಲ್ ಇಲ್ಲ ಅಂತ ನಿಂತಿತು. ಹುಡುಕಿದರೆ ಬಿಡಿ ಬಿಡಿ ಡಿಎಲ್‌ಎಲ್ ಪುಕ್ಕಟೆ ಕೊಡುವ ಒಂದು ಜಾಗ ಸಿಕ್ಕಿತು. ಇಳಿಸಿದೆ, ಸಿಸ್ಟಮ್32 ಫೋಲ್ಡರಿಗೆ ಹಾಕಿದೆ, ಹಳೆಯದರ ಮೇಲೇ ರಿಪ್ಲೇಸ್ ಕೊಟ್ಟೆ. ಸಂದೇಶ ಬದಲಾಯಿತು, ಅಷ್ಟೇ. ಅದರ ಜೊತೆ ಅಲ್ಲಿಯವರೆಗೆ ಸರಿ ಇದ್ದ ಸ್ಕ್ಯಾನರಿನ ಪ್ರೋಗ್ರಾಮೂ ಮಲಗಿತು. ರಾತ್ರಿ ಎರಡರವರೆಗೆ ಕೂತು ವಿಂಡೋಸ್ ಪೂರ್ತಿ ಹೊಸದಾಗಿ ಹಾಕಿದೆ. ಮದುವೆ ಕಾಗದ ಮರುದಿನ ಸಂಜೆ ಹೋಯಿತು, ಬೈಗುಳ ತಿಂದೆ.

ಹಾಗಾಗಿ ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ಬಿಡಿ ಡಿಎಲ್‌ಎಲ್ ಫೈಲನ್ನು ಎಲ್ಲಿಂದಲೂ ತಂದು ಹಾಕಬೇಡಿ. ಆ ಫೈಲಿನಲ್ಲಿ ವೈರಸ್ ಇರಬಹುದು ಅನ್ನುವುದು ಒಂದು. ವೈರಸ್ ಇಲ್ಲದಿದ್ದರೂ ಅದು ಯಾವ ಆವೃತ್ತಿಯದು, ಎಷ್ಟು ಬಿಟ್ಟಿನದು ಅಂತ ನಿಮಗೆ ತಿಳಿಯುವುದಿಲ್ಲ, ಜೊತೆಗೆ ಬರಬೇಕಾದ ಒಡಹುಟ್ಟುಗಳೂ ಬರುವುದಿಲ್ಲ. ಫೈಲು ಯಾರ ಮನೆಯದು ಅಂತ ತಿಳಿದುಕೊಳ್ಳಿ, ಆ ಮನೆಯ ಪ್ಯಾಕೇಜನ್ನು ಇಡಿಯಾಗಿ ತನ್ನಿ.

ಯಾರ ಮನೆಯದು ಅಂತ ತಿಳಿಯುವುದು ಹೇಗೆ? ಸ್ವಲ್ಪ ದಿನ ಈ ಕೆಲಸ ಮಾಡಿದರೆ ಹೆಸರು ನೋಡಿದ ಕೂಡಲೇ ಗೊತ್ತಾಗುತ್ತದೆ, ಅಡಿಕೆ ನೋಡಿ ಇದು ರಾಶಿ, ಇದು ಚಾಲಿ ಅಂದ ಹಾಗೆ. ಎಂಎಸ್‌ವಿಸಿಪಿ, ಎಂಎಸ್‌ವಿಸಿಆರ್, ವಿಸಿರನ್‌ಟೈಮ್ ಅಂತ ಶುರುವಾದವು ಹೆಚ್ಚಾಗಿ ಮೈಕ್ರೋಸಾಫ್ಟಿನ ವಿಶುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಅನ್ನುವ ಪ್ಯಾಕೇಜಿನವು. ಹೆಸರಿನ ಕೊನೆಯ ಅಂಕೆ ನೋಡಿ. 100 ಅಂದರೆ 2010ರ ಪ್ಯಾಕೇಜು, 110 ಅಂದರೆ 2012, 120 ಅಂದರೆ 2013. 140 ಅಂದರೆ 2015 ಮತ್ತು ಅದರ ಈಚಿನ ಎಲ್ಲದಕ್ಕೂ ಒಂದೇ ಪ್ಯಾಕೇಜು. 2010ರದ್ದು ಕೇಳಿದರೆ 2010ರದ್ದೇ ಹಾಕಬೇಕು, ಹೊಸದು ಹಾಕಿದರೆ ಹಳೆಯದೂ ಬಂತು ಅಂತ ಆಗುವುದಿಲ್ಲ. ಆದರೆ 140ರ ಗುಂಪಿನಲ್ಲಿ ಮಾತ್ರ ಹೊಸದು ಹಳೆಯದರ ಜಾಗದಲ್ಲಿ ಕೂರುತ್ತದೆ.

ಕುಮಟಾದವರ ಕಥೆ ಇದೇ. ಅವರಲ್ಲಿ 2015ರ ಪ್ಯಾಕೇಜು ಇತ್ತು, ವಿಸಿರನ್‌ಟೈಮ್140 ಇತ್ತು. ಅಂಡರ್‌ಸ್ಕೋರ್ 1 ಇರುವ ಫೈಲು ಬಂದದ್ದೇ 2019ರ ಆವೃತ್ತಿಯ ಜೊತೆ. "ಇದೆಯಲ್ಲ, ಕಂಟ್ರೋಲ್ ಪ್ಯಾನೆಲಿನಲ್ಲಿ ಹೆಸರು ಕಾಣುತ್ತಿದೆ" ಅಂತ ಅವರು ವಾದಿಸಿದರು. ಇದೆ, ಹಳೆಯದಿದೆ. ಮೈಕ್ರೋಸಾಫ್ಟಿನ ಸೈಟಿನಿಂದಲೇ ಈಚಿನದು ಇಳಿಸಿ ಹಾಕಿಸಿದೆ, ರೀಸ್ಟಾರ್ಟ್ ಮಾಡಿಸಿದೆ, ಬಿಲ್ಲು ಬಂತು. ಫೋನು ಇಡುವ ಹೊತ್ತಿಗೆ ಹತ್ತು ನಿಮಿಷ, ಅದರಲ್ಲಿ ಆರು ನಿಮಿಷ ಮಳೆಯ ಮಾತು.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಆ ಪ್ಯಾಕೇಜು ಎಕ್ಸ್86 ಮತ್ತು ಎಕ್ಸ್64 ಅಂತ ಎರಡು ಇರುತ್ತದೆ. ನಮ್ಮದು 64 ಬಿಟ್ ವಿಂಡೋಸ್, ಎಕ್ಸ್64 ಸಾಕು ಅಂತ ಒಂದೇ ಹಾಕುತ್ತಾರೆ. ಸಾಕಾಗುವುದಿಲ್ಲ. ಪ್ರೋಗ್ರಾಮು 32 ಬಿಟ್ಟಿನದಾದರೆ ಅದಕ್ಕೆ ಎಕ್ಸ್86ನದೇ ಬೇಕು. ಎರಡೂ ಹಾಕಿಬಿಡಿ, ಒಂದಕ್ಕೊಂದು ಜಗಳ ಆಡುವುದಿಲ್ಲ. ಇನ್ನೂ ತಮಾಷೆ ಏನು ಗೊತ್ತಾ, 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಅನ್ನುವ ಫೋಲ್ಡರಿನಲ್ಲಿ ಇರುವುದು 64 ಬಿಟ್ಟಿನ ಫೈಲು, 64 ಅಂತ ಹೆಸರಿನಲ್ಲೇ ಇರುವ ಸಿಸ್‌ವಾವ್64ರಲ್ಲಿ ಇರುವುದು 32 ಬಿಟ್ಟಿನವು. ಹೆಸರಿಟ್ಟವರು ಯಾವ ಯೋಚನೆಯಲ್ಲಿದ್ದರೋ. ನಾನು ಆ ರಾತ್ರಿ ಎಡವಿದ್ದು ಇದೇ ಹೊಸ್ತಿಲಿಗೆ.

ಡಿ3ಡಿಎಕ್ಸ್9 ಅಂತ ಶುರುವಾದರೆ ಅದು ಹಳೆ ಡೈರೆಕ್ಟ್ಎಕ್ಸ್, ಆಟಗಳಲ್ಲಿ ಜಾಸ್ತಿ. ಜೂನ್ 2010ರ ಡೈರೆಕ್ಟ್ಎಕ್ಸ್ ಪ್ಯಾಕೇಜು ಹಾಕಬೇಕು. ವಿಂಡೋಸ್ 10ರಲ್ಲಿ ಡೈರೆಕ್ಟ್ಎಕ್ಸ್ 12 ಇದ್ದರೂ ಈ ಹಳೆ ಫೈಲುಗಳು ತಾವಾಗಿ ಬಂದಿರುವುದಿಲ್ಲ. ಎಪಿಐ ಎಂಎಸ್ ವಿನ್ ಸಿಆರ್‌ಟಿ ಅಂತ ರೈಲಿನ ಹಾಗೆ ಉದ್ದ ಹೆಸರು ಬಂದರೆ ಅದು ಯೂನಿವರ್ಸಲ್ ಸಿ ರನ್‌ಟೈಮ್. ವಿಂಡೋಸ್ 10ರಿಂದ ಅದು ವಿಂಡೋಸ್‌ನ ಒಳಗೇ ಇದೆ. ವಿಂಡೋಸ್ 7, 8.1 ಆದರೆ ಕೆಬಿ 2999226 ಅನ್ನುವ ಅಪ್‌ಡೇಟ್ ಬೇಕು.

ಅಕೌಂಟಿನ ಹಳೆ ಪ್ರೋಗ್ರಾಮುಗಳು ಮೈಕ್ರೋಸಾಫ್ಟಿನದೇ ಇನ್ನೊಂದು ಪ್ಯಾಕೇಜು, ಡಾಟ್‌ನೆಟ್ ಫ್ರೇಮ್‌ವರ್ಕ್ 3.5 ಕೇಳುತ್ತವೆ. ವಿಂಡೋಸ್ 10ರಲ್ಲಿ ಅದು ಮೊದಲಿಗೆ ಆಫ್ ಇರುತ್ತದೆ. ಕಂಟ್ರೋಲ್ ಪ್ಯಾನೆಲಿನ ಪ್ರೋಗ್ರಾಮ್ಸ್‌ನಲ್ಲಿ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್ ಅಂತ ಇದೆ, ಅಲ್ಲಿ ಟಿಕ್ ಹಾಕಿ. 4.8 ಇದ್ದರೆ 3.5ರ ಕೆಲಸವೂ ಆಗುತ್ತದೆ ಅಂದುಕೊಳ್ಳಬೇಡಿ, ಅವೆರಡರ ಸಂಸಾರ ಬೇರೆ ಬೇರೆ.

ಕೆಲವು ಸಲ ಹೊಸ ಪ್ಯಾಕೇಜು ಹಾಕಿದ ಮೇಲೂ ಅದೇ ಸಂದೇಶ ಬರುತ್ತದೆ. ಆಗ ಪ್ರೋಗ್ರಾಮಿನ ಸ್ವಂತ ಫೋಲ್ಡರು ತೆಗೆದು ನೋಡಿ. ವಿಂಡೋಸ್ ಡಿಎಲ್‌ಎಲ್ ಹುಡುಕುವಾಗ ಸಾಮಾನ್ಯವಾಗಿ ಮೊದಲು ಪ್ರೋಗ್ರಾಮು ಇರುವ ಫೋಲ್ಡರಿನಲ್ಲೇ ಹುಡುಕುತ್ತದೆ, ಸಿಸ್ಟಮ್32ಗೆ ಹೋಗುವುದು ಆಮೇಲೆ. ಹಿಂದೆ ಯಾರೋ ರಿಪೇರಿಯವರು ಅಲ್ಲೊಂದು ಹಳೆ ಡಿಎಲ್‌ಎಲ್ ತುರುಕಿ ಹೋಗಿದ್ದರೆ, ನೀವು ಒಳಗೆ ಎಷ್ಟೇ ಹೊಸದು ಹಾಕಿದರೂ ಅದಕ್ಕೆ ಸಿಗುವುದು ಆ ಹಳೆಯದೇ. ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್. ಆವೃತ್ತಿ ಎಷ್ಟು ಅಂತ ಅಲ್ಲಿ ಇರುತ್ತದೆ. ಅಳಿಸಬೇಡಿ, ಹೆಸರಿನ ಮುಂದೆ "ಹಳೆ" ಅಂತ ಏನಾದರೂ ಸೇರಿಸಿ ಓಡಿಸಿ ನೋಡಿ. ಸರಿಹೋಗದಿದ್ದರೆ ಹೆಸರು ವಾಪಸ್ ಮಾಡಿದರೆ ಆಯಿತು.

ಇನ್ನು ವಿಂಡೋಸ್‌ನದೇ ಫೈಲುಗಳು. ಸ್ಟಾರ್ಟ್ ಒತ್ತಿ ವಿನ್‌ವರ್ ಅಂತ ಹೊಡೆಯಿರಿ, ಯಾವ ವಿಂಡೋಸ್, ಯಾವ ಆವೃತ್ತಿ ಅಂತ ಬರುತ್ತದೆ. ನಮ್ಮ ಕಡೆ ಅಪ್‌ಡೇಟ್ ಆಗದೆ ವರ್ಷಗಟ್ಟಲೆ ಕೂತ ಕಂಪ್ಯೂಟರುಗಳು ಬೇಕಾದಷ್ಟು. ಸೋಮಾರಿತನ ಅಂತಲ್ಲ. ತೋಟದ ನಡುವಿನ ಮನೆ, ಮೊಬೈಲಿನ ಹಾಟ್‌ಸ್ಪಾಟೇ ಗತಿ, ಡೇಟಾ ಖಾಲಿ ಆಗದಿರಲಿ ಅಂತ ಯಾರೋ ಮೀಟರ್ಡ್ ಕನೆಕ್ಷನ್ ಆನ್ ಮಾಡಿರುತ್ತಾರೆ. ಅದು ಆನ್ ಇದ್ದರೆ ವಿಂಡೋಸ್ ಹೆಚ್ಚಿನ ಅಪ್‌ಡೇಟುಗಳನ್ನು ತಾನಾಗಿ ಇಳಿಸುವುದಿಲ್ಲ. ಆಮೇಲೆ ಫೈಬರ್ ಬಂದರೂ ಹಾಟ್‌ಸ್ಪಾಟಿನಲ್ಲೇ ಇದ್ದರೆ ಕಥೆ ಹಾಗೇ ಮುಂದುವರಿಯುತ್ತದೆ. ಲ್ಯಾಪ್‌ಟಾಪಾದರೆ ಒಳ್ಳೆ ನೆಟ್ ಇರುವ ಕಡೆ ಒಂದು ಸಂಜೆ ತಂದು ಕೂರಿಸಿ ಎಲ್ಲ ಅಪ್‌ಡೇಟ್ ಮುಗಿಸಿಬಿಡಿ.

ಅಪ್‌ಡೇಟ್ ಆದ ಮೇಲೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಿ. ಎರಡೂ ಒಂದೇ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ, ಅದು ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ತಿರುಳು ಪೂರ್ತಿ ಮಲಗುವುದಿಲ್ಲ, ಇದ್ದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮುಂದಿನ ಸಲ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಮೊದಲಿನಿಂದ ಶುರು. ದಿನಾ ರಾತ್ರಿ ಆಫ್ ಮಾಡುವವರ ಕಂಪ್ಯೂಟರು ತಿಂಗಳಿಂದ ಸರಿಯಾಗಿ ಒಮ್ಮೆಯೂ ಹೊಸದಾಗಿ ಎದ್ದಿಲ್ಲ ಅನ್ನುವುದನ್ನು ಎಷ್ಟೋ ಸಲ ನೋಡಿದ್ದೇನೆ.

ವಿಂಡೋಸ್‌ನ ಫೈಲೇ ಕೆಟ್ಟಿದೆ ಅನ್ನಿಸಿದರೆ ಎರಡು ಆಜ್ಞೆ ಇವೆ. ಅದಕ್ಕೂ ಮೊದಲು, ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಡಿ, ಎರಡು ನಿಮಿಷದ ಕೆಲಸ. ಆಮೇಲೆ ಸ್ಟಾರ್ಟಿನಲ್ಲಿ ಸಿಎಂಡಿ ಅಂತ ಹೊಡೆದು, ಬಂದದ್ದರ ಮೇಲೆ ರೈಟ್ ಕ್ಲಿಕ್ ಮಾಡಿ, ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಡಿ. ಕಪ್ಪು ಪರದೆ ಬರುತ್ತದೆ. ಈಗ ಡಿಐಎಸ್‌ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್ ರಿಸ್ಟೋರ್‌ಹೆಲ್ತ್. ಸ್ಲ್ಯಾಶ್ ಅಂದರೆ ಪ್ರಶ್ನೆ ಚಿಹ್ನೆಯ ಕೀಲಿಯಲ್ಲೇ ಇರುವ ವಾಲಿದ ಗೆರೆ. ಸ್ಲ್ಯಾಶ್‌ಗೂ ಅದರ ಮುಂದಿನ ಪದಕ್ಕೂ ನಡುವೆ ಜಾಗ ಬಿಡಬೇಡಿ. ಎಂಟರ್ ಹೊಡೆದು ಚಹಾ ಕುಡಿದು ಬನ್ನಿ, ನಡುವೆ ಎಲ್ಲೋ ನಿಂತ ಹಾಗೆ ಕಂಡರೂ ಮುಚ್ಚಬೇಡಿ. ಅದು ಮುಗಿದ ಮೇಲೆ ಎಸ್‌ಎಫ್‌ಸಿ, ಸ್ಪೇಸ್, ಸ್ಲ್ಯಾಶ್ ಸ್ಕ್ಯಾನ್‌ನೌ.

ಮೊದಲನೆಯದು ವಿಂಡೋಸ್ ತನ್ನ ಬಳಿ ಇಟ್ಟುಕೊಂಡ ಮೂಲ ಪ್ರತಿಗಳ ಉಗ್ರಾಣವನ್ನು ಸರಿ ಮಾಡುತ್ತದೆ, ಎರಡನೆಯದು ಆ ಉಗ್ರಾಣದಿಂದ ತೆಗೆದು ಕೆಟ್ಟ ಫೈಲನ್ನು ಬದಲಿಸುತ್ತದೆ. ಅದಕ್ಕೇ ಈ ಕ್ರಮ. ಉಗ್ರಾಣದಲ್ಲೇ ಹುಳ ಹಿಡಿದಿದ್ದರೆ ಅಲ್ಲಿಂದ ತಂದ ಅಕ್ಕಿಯಲ್ಲಿ ಏನಿರುತ್ತದೆ? ಡಿಐಎಸ್‌ಎಂಗೆ ನೆಟ್ ಬೇಕು, ಬೇಕಾದ ಫೈಲನ್ನು ವಿಂಡೋಸ್ ಅಪ್‌ಡೇಟಿನಿಂದ ತರಿಸಿಕೊಳ್ಳುತ್ತದೆ. ವಿಂಡೋಸ್ 7ರಲ್ಲಿ ಈ ರಿಸ್ಟೋರ್‌ಹೆಲ್ತ್ ಇಲ್ಲ, ಎಸ್‌ಎಫ್‌ಸಿ ಮಾತ್ರ.

ಮತ್ತೆ, ಎಸ್‌ಎಫ್‌ಸಿ ಓಡಿಸಿದರೆ ಫೈಲು ಹೊಸ ಆವೃತ್ತಿಗೆ ಬರುತ್ತದೆ ಅಂತ ನಂಬಿದವರು ತುಂಬಾ ಜನ. ಬರುವುದಿಲ್ಲ. ಅದು ಕೆಟ್ಟದ್ದನ್ನು ಸರಿ ಮಾಡುತ್ತದೆ, ಹಳೆಯದನ್ನು ಹೊಸದು ಮಾಡುವುದು ಅಪ್‌ಡೇಟಿನ ಕೆಲಸ. 140ರ ಗುಂಪಿನ ಆ ಡಿಎಲ್‌ಎಲ್‌ಗಳನ್ನಂತೂ ಅದು ಮುಟ್ಟುವುದೂ ಇಲ್ಲ, ಯಾಕೆಂದರೆ ಅವು ವಿಂಡೋಸ್‌ನ ಒಳಗಿನವಲ್ಲ, ಹೊರಗಿನಿಂದ ಬಂದ ನೆಂಟರು.

ಎಸ್‌ಎಫ್‌ಸಿ ಇವತ್ತು ಸರಿ ಮಾಡಿತು, ಹದಿನೈದು ದಿನಕ್ಕೆ ಮತ್ತೆ ಫೈಲು ಕೆಟ್ಟಿದೆ ಅಂತ ಬಂತು ಅಂದರೆ ಸಾಫ್ಟ್‌ವೇರಿನ ಹಿಂದೆ ಓಡುವುದು ನಿಲ್ಲಿಸಿ. ಘಟ್ಟದ ಮೇಲೆ ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ, ಅಪ್‌ಡೇಟ್ ನಡುವೆ ಹೋದರೆ ಫೈಲು ಅರ್ಧಕ್ಕೇ ನಿಲ್ಲುತ್ತದೆ. ಕೆಳಗೆ ಕಾರವಾರ, ಅಂಕೋಲಾದಲ್ಲಿ ಸಮುದ್ರದ ಉಪ್ಪುಗಾಳಿ, ರ‍್ಯಾಮಿನ ಕಾಲುಗಳು ಮಂಕಾಗುತ್ತವೆ. ಕಡಲ ದಂಡೆಯ ಹತ್ತಿರವೇ ಮನೆ ಇರುವ ನಮ್ಮ ಭಾವನ ಕಂಪ್ಯೂಟರಿಗೆ ನಾನು ಮೂರು ಸಲ ಫೋನಿನಲ್ಲಿ ಎಸ್‌ಎಫ್‌ಸಿ ಮಾಡಿಸಿದ್ದೆ. ನಾಲ್ಕನೇ ಸಲ ಊರಿಗೇ ಹೋಗಿ ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಆ ಅಂಚನ್ನು ಒರೆಸಿ ಹಾಕಿದೆ, ಅಲ್ಲಿಗೆ ಮುಗಿಯಿತು. ಎಂಡಿ ಎಸ್‌ಸಿಎಚ್‌ಇಡಿ ಅಂತ ಸ್ಟಾರ್ಟಿನಲ್ಲಿ ಒಟ್ಟಿಗೆ ಹೊಡೆದರೆ ರ‍್ಯಾಮ್ ಪರೀಕ್ಷೆ ಬರುತ್ತದೆ, ಡಿಸ್ಕಿಗೆ ಚೆಕ್‌ಡಿಸ್ಕ್ ಇದೆ.

ಸಂದೇಶವೇ ಇಲ್ಲದೆ ಪ್ರೋಗ್ರಾಮು ಸುಮ್ನೆ ಮುಚ್ಚಿಕೊಂಡರೆ? ಸ್ಟಾರ್ಟಿನಲ್ಲಿ ರಿಲಯಬಿಲಿಟಿ ಅಂತ ಹುಡುಕಿ. ದಿನದಿನದ್ದು ಪಟ್ಟಿ ಬರುತ್ತದೆ, ಕೆಂಪು ಗುರುತಿನ ಮೇಲೆ ಕ್ಲಿಕ್ ಮಾಡಿ ವಿವರ ನೋಡಿದರೆ ಫಾಲ್ಟ್ ಮಾಡ್ಯೂಲ್ ನೇಮ್ ಅಂತ ಒಂದು ಸಾಲು ಇರುತ್ತದೆ. ಬಿದ್ದ ಹೊತ್ತಿಗೆ ಯಾವ ಫೈಲು ಕೆಲಸ ಮಾಡುತ್ತಿತ್ತು ಅಂತ ಅದು ಹೇಳುತ್ತದೆ. ಅದೇ ತಪ್ಪಿತಸ್ಥ ಅಂತ ಗ್ಯಾರಂಟಿ ಇಲ್ಲ, ಆದರೆ ವಿಚಾರಣೆ ಅಲ್ಲಿಂದ ಶುರು ಮಾಡಬಹುದು.

ಕನ್ನಡದ್ದೇ ಒಂದು ಪೀಡೆ ಇದೆ, ಇದನ್ನು ಹೊರಗಿನವರು ಬರೆಯುವುದಿಲ್ಲ. ಹಳೆ ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡ ತೆರೆದರೆ ಯಕ್ಷಗಾನ ಹೋಗಿ ಯಕ್‌ಷಗಾನ ಆಗಿರುತ್ತದೆ, ಒತ್ತಕ್ಷರ ಎಲ್ಲ ಬಿಚ್ಚಿಕೊಂಡು ಸಾಲಾಗಿ ನಿಂತಿರುತ್ತವೆ. ಫಾಂಟ್ ಸರಿ ಇಲ್ಲ ಅಂತ ಜನ ಫಾಂಟ್ ಮೇಲೆ ಫಾಂಟ್ ಹಾಕುತ್ತಾರೆ. ಹಲವು ಸಲ ಫಾಂಟಿನ ತಪ್ಪೇ ಇರುವುದಿಲ್ಲ. ಅಕ್ಷರ ಜೋಡಿಸುವ ಕೆಲಸ ಯೂನಿಸ್ಕ್ರೈಬ್ ಅನ್ನುವುದರದ್ದು, ಅದರ ಫೈಲು ಯುಎಸ್‌ಪಿ10 ಡಾಟ್ ಡಿಎಲ್‌ಎಲ್. ಅದು ಹಳೆಯದಾಗಿದ್ದರೆ ಎಂಥ ಒಳ್ಳೆ ಫಾಂಟಿದ್ದರೂ ಒತ್ತು ಕೂರುವುದಿಲ್ಲ. ಆಗಿನ ಆಫೀಸ್ ಪ್ಯಾಕೇಜು ತನ್ನದೇ ಹೊಸ ಯುಎಸ್‌ಪಿ10 ತರುತ್ತಿತ್ತು, ಹಾಗಾಗಿ ವರ್ಡಿನಲ್ಲಿ ಕನ್ನಡ ಚಂದ, ನೋಟ್‌ಪ್ಯಾಡಿನಲ್ಲಿ ಅಧ್ವಾನ. ಒಂದೇ ಕಂಪ್ಯೂಟರಿನಲ್ಲಿ ಹೀಗೆ ಎರಡು ತರಹ ಕಂಡರೆ ಫಾಂಟನ್ನು ಬೈಯಬೇಡಿ. ರೂಪಾಯಿ ಚಿಹ್ನೆಯದೂ ಹೀಗೇ. ಅದು ಬಂದದ್ದು 2010ರ ಜುಲೈನಲ್ಲಿ, ವಿಂಡೋಸ್ 7 ಬಂದದ್ದು ಅದಕ್ಕೂ ಮೊದಲು, 2009ರಲ್ಲಿ. ಹಾಗಾಗಿ ಅಪ್‌ಡೇಟ್ ಆಗದ 7ರಲ್ಲಿ ಬಿಲ್ಲಿನ ಮೇಲೆ ₹ ಬದಲು ಖಾಲಿ ಡಬ್ಬಿ ಬರುತ್ತದೆ. ಕೆಬಿ 2496898 ಹಾಕಿದರೆ ಸರಿ.

ಸೈಟು ತೆರೆಯುವಾಗ ಸರ್ಟಿಫಿಕೇಟ್ ಸರಿ ಇಲ್ಲ ಅಂತ ಬಂದರೆ ಮೂಲೆಯ ಗಡಿಯಾರ ನೋಡಿ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ತಾರೀಕು ಎಲ್ಲೋ ಹಿಂದಕ್ಕೆ ಹೋಗಿರುತ್ತದೆ. ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ. ತಾರೀಕು ಸರಿ ಇದ್ದೂ ಹಾಗೆ ಬಂದರೆ, ಸೈಟು ಅಸಲಿಯೇ ಅಂತ ತಾಳೆ ನೋಡುವ ವಿಂಡೋಸ್‌ನ ಮೂಲ ಸರ್ಟಿಫಿಕೇಟುಗಳು ಹಳೆಯವಾಗಿವೆ ಅಂತ. 2021ರ ಸೆಪ್ಟೆಂಬರ್ 30ಕ್ಕೆ ಅಂಥ ಒಂದು ದೊಡ್ಡ ಮೂಲ ಸರ್ಟಿಫಿಕೇಟಿನ ಅವಧಿ ಮುಗಿದಾಗ ನೆಟ್ಟಗಿದ್ದ ಎಷ್ಟೋ ಹಳೆ ಯಂತ್ರಗಳಲ್ಲಿ ಸೈಟುಗಳು ತೆರೆಯುವುದೇ ನಿಂತಿತು.

ಇಷ್ಟೆಲ್ಲ ಮಾಡಿಯೂ ಆಗದ ಯಂತ್ರಗಳಿವೆ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, 8.1ರದು 2023ರ ಜನವರಿ 10ಕ್ಕೆ, 10ರದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 7ರಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತಿದೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಹಾಕಿದರೆ ಅದನ್ನು ನಡೆಸುವ ಪ್ರೋಗ್ರಾಮು, ಅಂದರೆ ಡ್ರೈವರಿನ ಸಹಿ ಪರಿಶೀಲಿಸಲು ಆಗಲಿಲ್ಲ, ಕೋಡ್ 52 ಅಂತ 7ರಲ್ಲಿ ಬರುತ್ತದಲ್ಲ, ಅದಕ್ಕೆ ಸರ್ವಿಸ್ ಪ್ಯಾಕ್ 1ರ ಮೇಲೆ ಕೆಬಿ 4490628, ಆಮೇಲೆ ಕೆಬಿ 4474419 ಹಾಕಿ ನೋಡಬಹುದು. ಅದಾದರೂ ಆಗದಿದ್ದರೆ ಕಂಪ್ಯೂಟರೇ ಬದಲಿಸಬೇಕು, ನನ್ನ ಹತ್ತಿರ ಬೇರೆ ಮದ್ದಿಲ್ಲ.

ಬಿಸಾಡಿ ಅಂತಲ್ಲ. ನನ್ನ ಅಂಗಡಿಯ ಮೂಲೆಯಲ್ಲಿ ಒಂದು 7 ಇನ್ನೂ ಇದೆ. ಸ್ಟಿಕರ್ ಕತ್ತರಿಸುವ ಹಳೆ ಕಟ್ಟರಿಗೆ ಹೊಸ ಡ್ರೈವರ್ ಇಲ್ಲ, ಅದಕ್ಕೇ ಇಟ್ಟುಕೊಂಡಿದ್ದೇನೆ. ನೆಟ್ಟಿನ ವೈರು ಕಿತ್ತು ಹಾಕಿದ್ದೇನೆ, ಅಪ್‌ಡೇಟೂ ಇಲ್ಲ, ಹೊಸ ಸಾಫ್ಟ್‌ವೇರೂ ಇಲ್ಲ. ಡಿಸೈನು ಹೊಸ ಕಂಪ್ಯೂಟರಿನಲ್ಲಿ ಮಾಡಿ, ಪೆನ್‌ಡ್ರೈವನ್ನು ಅಲ್ಲೇ ಸ್ಕ್ಯಾನ್ ಮಾಡಿ, ಇದಕ್ಕೆ ಚುಚ್ಚುವುದು. ಮಾರಿಕಾಂಬಾ ಜಾತ್ರೆ ವರ್ಷ ಬಂದರೆ ಹಗಲು ರಾತ್ರಿ ಓಡುತ್ತದೆ.